ಅರವತ್ತಾರು ಮೆಟ್ಟಿಲಿನ ಆಕಾಶದೀಪ

ತನುಶ್ರೀ ನಾಲ್ಕನೆಯ ಮೆಟ್ಟಿಲ ಮೇಲೆ ಕೂತಿದ್ದಳು.

ಬಲಗಾಲಿಗೆ ಮೊಣಕಾಲಿನವರೆಗೂ ಪ್ಲಾಸ್ಟರ್. ಮಡಿಲಲ್ಲಿ ಎಣ್ಣೆಯ ಬಾಟಲಿ, ಬತ್ತಿಯ ಪೊಟ್ಟಣ, ಗಾಜಿನದೊಂದು ಸಣ್ಣ ಲಾಟೀನು. ಬಂಗಾಳದ ರಾಜಧಾನಿಯ ಕಸ್ಬಾ ಬಡಾವಣೆಯ ಆ ಹಳೆಯ ಮನೆಯ ಮೆಟ್ಟಿಲುಗಳಿಗೆ ಹಗಲಿನಲ್ಲೂ ಅಷ್ಟಾಗಿ ಬೆಳಕಿಲ್ಲ. ತಾರಸಿಯ ಒಂಟಿ ಕೋಣೆಯಿಂದ ಇಳಿದು ಬರುತ್ತಿದ್ದ ಚಂದ್ರಹಾಸನಿಗೆ ಮೊದಲು ಕಂಡದ್ದು ಪ್ಲಾಸ್ಟರಿನ ಬಿಳುಪು, ಆಮೇಲೆ ಅವಳ ಮುಖ. ಎರಡೆರಡು ಮೆಟ್ಟಿಲು ದಾಟಿ ಬಂದು ಅವಳೆದುರು ಬಗ್ಗಿದ.

“ಬಿದ್ರೇನ್ರಿ?”

“ಇಲ್ಲ. ಹತ್ತುತ್ತಾ ಇದೀನಿ.”

ಅವನು ಅವಳ ಮಡಿಲಿನ ಲಾಟೀನು ನೋಡಿದ. “ಕುಂತ್ಕೊಂಡು ಹತ್ತೂದು ಇವತ್ತ ನೋಡಿದೆ ನೋಡ್ರಿ.”

“ನಿಂತ್ಕೊಂಡು ಹತ್ತಬಾರದು ಅಂತ ಡಾಕ್ಟರ್ ಹೇಳಿದಾರೆ. ಕೂತ್ಕೊಂಡು ಹತ್ತಬಾರದು ಅಂತ ಹೇಳಿಲ್ಲ.”

“ಇನ್ನ ಅರವತ್ತೆರಡು ಮೆಟ್ಲ ಅದಾವ್ರಿ.”

ಅವಳು ಆಗ ಮೊದಲ ಸಲ ತಲೆಯೆತ್ತಿ ನೇರವಾಗಿ ನೋಡಿದಳು. ಮೆಟ್ಟಿಲು ಎಣಿಸಿ ಇಟ್ಟುಕೊಂಡಿರುವ ಮನುಷ್ಯ ಎಂಥವನಿರಬಹುದು ಎಂದು ಅಳೆಯುವಂತೆ. ಆ ನೋಟದಲ್ಲಿ ನಗುವಿನ ಅಂಚೊಂದು ಇತ್ತು. ಅದು ತುಟಿಯವರೆಗೆ ಬರಲಿಲ್ಲ.

ಬಸ್ಸಿನಿಂದ ಇಳಿಯುವಾಗ ಅವಳ ಕಾಲು ಹೊರಳಿ ಎರಡು ವಾರವಾಗಿತ್ತು. ಪ್ಲಾಸ್ಟರ್ ಬಿಚ್ಚಲು ಇನ್ನೂ ನಾಲ್ಕು ವಾರದ ಮೇಲಿತ್ತು. ಆಫೀಸಿನ ಕೆಲಸವನ್ನೇ ಮನೆಗೆ ತರಿಸಿಕೊಂಡಿದ್ದಳು. ಹಾಲು ತರಕಾರಿಯನ್ನು ಮೊದಲ ಮಹಡಿಯ ಹೆಂಗಸು, ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದವಳು, ತಂದುಕೊಡುತ್ತಿದ್ದಳು. ಎಲ್ಲಕ್ಕೂ ಒಂದು ದಾರಿಯಾಗಿತ್ತು. ದಾರಿ ಕಾಣದೆ ಉಳಿದದ್ದು ಒಂದೇ. ಇನ್ನು ಆರು ದಿನಕ್ಕೆ ಬಂಗಾಳಿಗಳ ಕಾರ್ತಿಕ ಮಾಸ ಹಿಡಿಯುತ್ತದೆ. ಆ ತಿಂಗಳಿಡೀ, ಸಂಜೆಯ ಶಂಖ ಮೊಳಗುವ ಹೊತ್ತಿಗೆ, ತಾರಸಿಯ ಎತ್ತರದ ಬಿದಿರಿಗೆ ಅವಳು ಆಕಾಶದೀಪ ಏರಿಸಬೇಕು. ಹೋದವರಿಗೆ ದಾರಿ ಕಾಣಲಿ ಎಂದು ಉರಿಯುವ ದೀಪ ಅದು. ಅವಳ ಪಾಲಿಗೆ ಹೋದವನು ಅರವಿಂದ. ಮೂರು ವರ್ಷದ ಹಿಂದೆ ಡೆಂಗಿ ಜ್ವರ ಅವನನ್ನು ಒಂಬತ್ತೇ ದಿನದಲ್ಲಿ ಕರೆದುಕೊಂಡು ಹೋಗಿತ್ತು.

ಮೈಸೂರಿನ ಹುಡುಗಿ ಬಂಗಾಳಿಯನ್ನು ಮದುವೆಯಾಗಿ ಇಲ್ಲಿಗೆ ಬಂದದ್ದು, ಗಂಡ ಹೋದ ಮೇಲೂ ಇಲ್ಲೇ ಉಳಿದದ್ದು, ಇದನ್ನೆಲ್ಲ ಚಂದ್ರಹಾಸ ಬೌದಿಯ ಬಾಯಿಂದ ಕೇಳಿ ತಿಳಿದಿದ್ದ. ದೀಪದ ಮಾತನ್ನು ಮಾತ್ರ ಅವಳೇ ಹೇಳಿದಳು, ಆ ನಾಲ್ಕನೆಯ ಮೆಟ್ಟಿಲ ಮೇಲೆ ಕೂತೇ. ಮೊದಲ ವರ್ಷ ಅತ್ತೆ ಕೈಹಿಡಿದು ಕಲಿಸಿದ್ದರಂತೆ. ಸಿಲಿಗುರಿಯ ಮಗಳ ಮನೆಗೆ ಹೊರಟು ನಿಂತಾಗ ಒಂದೇ ಮಾತು ಹೇಳಿದ್ದರಂತೆ: ಈ ದೀಪವನ್ನು ಮನೆಯ ಕೈಯೇ ಹಚ್ಚಬೇಕು, ಬೇರೆಯವರು ಹಚ್ಚಿದರೆ ಅದು ಬರೀ ಬೀದಿದೀಪ. ಬೌದಿ ತಾನು ಹಚ್ಚುತ್ತೇನೆಂದರೂ ತನುಶ್ರೀ ಒಪ್ಪದಿದ್ದದ್ದು ಅದಕ್ಕೇ. ಇವತ್ತು ಅವಳು ಲಾಟೀನು ಹಿಡಿದು ಹತ್ತುವುದನ್ನು ಅಭ್ಯಾಸ ಮಾಡುತ್ತಿದ್ದಳು.

ಚಂದ್ರಹಾಸ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತು ಎಲ್ಲ ಕೇಳಿದ. ಜಾದವ್‌ಪುರದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪಕರಣಗಳನ್ನು ಕೂಡಿಸುವುದು, ಕೆಟ್ಟದ್ದನ್ನು ಸರಿಮಾಡುವುದು ಅವನ ಉದ್ಯೋಗ. ಮೂವತ್ತೇಳು ವಯಸ್ಸು, ಮದುವೆಯಾಗಿರಲಿಲ್ಲ. ತಂದೆ ತಾಯಿ ಇರಲಿಲ್ಲ. ಮಾತು ಕಡಿಮೆ. ಇಂಥವರು ಯೋಚಿಸುವಾಗ ಬೆರಳಿನಿಂದ ನೆಲದ ಮೇಲೆ ಏನೋ ಗೀಚುತ್ತಾರೆ. ಅವನೂ ಗೀಚುತ್ತಿದ್ದ.

“ಕೈ ನಿಮ್ಮದ ಇರ್ಲಿ,” ಅಂದ ಕೊನೆಗೆ. “ಕಾಲು ಬ್ಯಾಡ. ದೀಪ ಮ್ಯಾಲಿರ್ತದ, ನೀವು ಕೆಳಗ ಕುಂತು ಹಚ್ಚೂ ಹಂಗ ಮಾಡಿಕೊಡ್ತೇನ್ರಿ, ಮೇಡಂ.”

“ಮೇಡಂ ಅನ್ನಬೇಡಿ. ಆಫೀಸಲ್ಲಿ ಕೇಳಿ ಸಾಕಾಗಿದೆ.”

ಇಷ್ಟೇ ಅವಳ ಒಪ್ಪಿಗೆಯಾಯಿತು.

ಎಂಟು ತಿಂಗಳ ಹಿಂದಿನ ಮಾತು. ಚಂದ್ರಹಾಸ ತಗಡಿನ ಪೆಟ್ಟಿಗೆ ಹೊತ್ತು ಈ ಮನೆಯ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ, ನೆಲಮಹಡಿಯ ಬಾಗಿಲ ಹಿಂದಿನಿಂದ ಯಾರೋ ಪಾರಿವಾಳಗಳಿಗೆ ಕನ್ನಡದಲ್ಲಿ ಬುದ್ಧಿ ಹೇಳುತ್ತಿದ್ದದ್ದು ಕೇಳಿಸಿತ್ತು. ನಿಮಗೆ ಊರಲ್ಲಿ ಬೇರೆ ಕಿಟಕೀನೇ ಸಿಗಲ್ವಾ, ಎಂದು. ಹೆಗಲ ಮೇಲಿನ ಭಾರ ಮರೆತು ಅವನು ನಿಂತುಬಿಟ್ಟಿದ್ದ. ಅಂದಿನಿಂದ ಹೋಗುವಾಗ ಬರುವಾಗ ಆ ಬಾಗಿಲ ಮುಂದೆ ಅವನ ಹೆಜ್ಜೆ ಒಂದು ಸ್ವಲ್ಪ ನಿಧಾನವಾಗುತ್ತಿತ್ತು. ಅವನ ಮನಸ್ಸಿನಲ್ಲಿ ಇದ್ದದ್ದಕ್ಕೆ ಈ ಲೋಕದಲ್ಲಿ ಅಷ್ಟೇ ಜಾಗ ಸಿಕ್ಕಿತ್ತು, ಒಂದು ಮೆಟ್ಟಿಲಿನಷ್ಟು. ಅದಕ್ಕಿಂತ ಹೆಚ್ಚು ಕೇಳುವುದು ತಪ್ಪೆಂದು ಅವನು ತಿಳಿದಿದ್ದ. ಈಗ ನೋಡಿದರೆ, ಅವಳ ಗಂಡನಿಗಾಗಿ ದೀಪ ಮಾಡುವ ಕೆಲಸವನ್ನು ದೇವರು ಅವನ ಕೈಗೇ ಕೊಟ್ಟಿದ್ದ. ಅವನು ಅದನ್ನು ಪ್ರಸಾದ ತೆಗೆದುಕೊಳ್ಳುವಂತೆ ಎರಡೂ ಕೈಯಲ್ಲಿ ತೆಗೆದುಕೊಂಡ.

ಶನಿವಾರ ಚಾಂದನಿ ಮಾರ್ಕೆಟ್ಟಿಗೆ ಹೋಗಿ ಪುಸ್ತಕದಷ್ಟಗಲದ ಸೋಲಾರ್ ಪ್ಯಾನೆಲ್ ಎರಡು, ಒಂದು ಲಿಥಿಯಂ ಬ್ಯಾಟರಿ, ಚಾರ್ಜು ಹದದಲ್ಲಿ ಇಡುವ ಪುಟ್ಟ ಕಂಟ್ರೋಲರ್, ದೀಪ ಕೂರಿಸಲು ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಚಾನೆಲ್ ತಂದ. ಎಜ್ರಾ ಸ್ಟ್ರೀಟಿನ ದೀಪದ ಅಂಗಡಿಗಳಲ್ಲಿ ಅಲೆದು ಮೂರು ಬಣ್ಣದ ಎಲ್ಇಡಿ ಪಟ್ಟಿಗಳ ತುಂಡು ತಂದ. ತನುಶ್ರೀಯ ವರಾಂಡ ಕಾರ್ಖಾನೆಯಾಯಿತು. ಅವಳು ಕುರ್ಚಿಯಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಮುಂದಿನ ಸ್ಟೂಲಿನ ಮೇಲಿಟ್ಟುಕೊಂಡು ಪಟ್ಟಿಯ ತುದಿ ಹಿಡಿಯುವಳು. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ತಂತಿಗೆ ಬೆಸುಗೆ ಹಾಕುವನು. ಒಮ್ಮೆ ಅವಳ ಕಡೆ ನೋಡುತ್ತ ಕಾದ ಕಡ್ಡಿಯನ್ನು ತಪ್ಪು ಕಡೆಯಿಂದ ಹಿಡಿದು ಕೈ ಕೊಡವಿದ.

“ಇಷ್ಟು ಓದಿದೋರಿಗೆ ಬಿಸಿ ಯಾವ ತುದೀಲಿರತ್ತೆ ಅಂತ ಗೊತ್ತಾಗಲ್ವಾ?” ಎಂದಳು ತನುಶ್ರೀ, ನೀರಿನ ಲೋಟವನ್ನು ಅವನತ್ತ ಸರಿಸುತ್ತ.

“ಗೊತ್ತಿತ್ರಿ. ಲಕ್ಷ್ಯ ಇರಲಿಲ್ಲ.”

ಲಕ್ಷ್ಯ ಎಲ್ಲಿತ್ತು ಎಂದು ಅವಳು ಕೇಳಲಿಲ್ಲ. ಪಟ್ಟಿಯ ತುದಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದುಕೊಂಡು ಕೆಲಸದ ಮೇಲೆ ಕಣ್ಣಿಟ್ಟಳು. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಬಣ್ಣ ಆರಿಸಿದ್ದು ಅವಳೇ. ಕಿಟಕಿಗಳಿಗೆ ಪರದೆ ಎಳೆದು, ದೇವರ ಗೂಡಿನಲ್ಲಿ ತುಪ್ಪದ ದೀಪ ಹಚ್ಚಿ, ಪಕ್ಕದಲ್ಲಿ ಒಂದೊಂದೇ ತುಂಡನ್ನು ಬೆಳಗಿಸಿ ನೋಡಿದರು. ಮೊದಲನೆಯದು ನೀಲಿ ಬೆರೆತ ಬಿಳುಪು. ಅದನ್ನು ಕಂಡೊಡನೆ ಅವಳು ಮುಖ ತಿರುಗಿಸಿದಳು. “ಇದು ಆಸ್ಪತ್ರೆ” ಎಂದಳು, ಅಷ್ಟೇ. ಎರಡನೆಯದು ಅಂಗಡಿಯ ಬೆಳಕು. ಮೂರನೆಯದಕ್ಕೆ ಅವಳು ಅಂಗೈ ಒಡ್ಡಿದಳು. ಒಂದು ಕಡೆಯಿಂದ ತುಪ್ಪದ ದೀಪ, ಇನ್ನೊಂದು ಕಡೆಯಿಂದ ಪಟ್ಟಿ. ಅಂಗೈಯ ಎರಡು ಪಕ್ಕಕ್ಕೂ ಒಂದೇ ಹೊಂಬಣ್ಣ. ಆ ಬೆಳಕು ಅವಳ ಕೆಳದುಟಿಯ ಮೇಲೆ, ರೆಪ್ಪೆಗಳ ತುದಿಯಲ್ಲಿ ನಿಂತಿತ್ತು. ಚಂದ್ರಹಾಸ ನೋಡಿದ. ನೋಡಬಾರದೆಂದು ನೆನಪಾಗಿ ದೇವರ ಕಡೆ ತಿರುಗಿದ.

ಕಾರ್ತಿಕದ ಮೊದಲ ಸಂಜೆಗೆ ಎಲ್ಲ ಸಿದ್ಧವಾಗಿತ್ತು. ಹಾಲುಬಣ್ಣದ ಮುಚ್ಚಳ ಹಾಕಿದ ಆ ಮೀಟರುದ್ದದ ಪಟ್ಟಿಯನ್ನು ಬಿದಿರಿನ ತುದಿಗೆ ನೆಟ್ಟಗೆ ಕಟ್ಟಿದ್ದ. ಹತ್ತಿದರೆ ಆಕಾಶಕ್ಕೆ ಹೊಸೆದಿಟ್ಟ ಬತ್ತಿಯ ಹಾಗೆ ಕಾಣಬೇಕು ಎಂದು ಅವನ ಆಸೆ. ನೆಲಮಹಡಿಯಿಂದ ತಾರಸಿಯ ತುದಿ ಕಾಣುವುದಿಲ್ಲ. ಆದರೆ ಗಲ್ಲಿಯ ಆಚೆಗೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಇನ್ನೂ ಯಾರೂ ವಾಸಕ್ಕೆ ಬಂದಿರಲಿಲ್ಲ. ಅದರ ದೊಡ್ಡ ಗಾಜು ಸದಾ ಕತ್ತಲಾಗಿರುತ್ತಿತ್ತು. ದೀಪದ ಪ್ರತಿಬಿಂಬ ಅಲ್ಲಿ ಬೀಳುತ್ತದೆಂದು ಅವನು ಮೊದಲೇ ನೋಡಿಟ್ಟಿದ್ದ. ಕಿಟಕಿಯ ಬಳಿ ಅವಳ ಕುರ್ಚಿಯನ್ನು ಸರಿಯಾದ ಜಾಗದಲ್ಲಿ ಇರಿಸಿದವನೂ ಅವನೇ.

ತನುಶ್ರೀ ಸ್ನಾನ ಮಾಡಿ, ಒಗೆದ ಹತ್ತಿ ಸೀರೆ ಉಟ್ಟು ಕೂತಳು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಇನ್ನೂ ಶಂಖ ಊದಿರಲಿಲ್ಲ. ಅಷ್ಟರಲ್ಲಿ ಎದುರಿನ ಗಾಜಿನಲ್ಲಿ ಹೊಂಬಣ್ಣದ ಗೆರೆಯೊಂದು ಮೂಡಿ ನಿಂತಿತು.

“ಸೆನ್ಸರ್ ಹಾಕೇನ್ರಿ,” ಎಂದ ಚಂದ್ರಹಾಸ ಹಿಗ್ಗಿನಿಂದ. “ಬೆಳಕು ಕಡಿಮಿ ಆದ ಕೂಡಲೆ ತಾನ ಹತ್ತತದ. ನಿಮಗ ಏನೂ ತ್ರಾಸಿಲ್ಲ. ಆರಿಸೂದಕ್ಕ ಇಷ್ಟು ಒಂದು ರಿಮೋಟ್.”

“ಚೆನ್ನಾಗಿದೆ” ಎಂದಳು ತನುಶ್ರೀ.

ಆ ದನಿ ಕೇಳಿ ಅವನ ಹಿಗ್ಗು ಅಲ್ಲೇ ನಿಂತಿತು. ಅವಳ ಬಾಯಲ್ಲಿದ್ದ ಪ್ರಾರ್ಥನೆ ಅರ್ಧಕ್ಕೇ ಉಳಿದಿತ್ತು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು, ಕೆಲಸವಿಲ್ಲದವರ ಕೈಗಳ ಹಾಗೆ.

“ಇದಕ್ಕೆ ನಾನು ಬೇಕಾಗಿಲ್ಲ ಅಲ್ವಾ?” ಎಂದಳು ಮೆಲ್ಲಗೆ.

ಅವನ ವಿದ್ಯೆಯೆಲ್ಲ ಮನುಷ್ಯರಿಗೆ ತ್ರಾಸು ಕಡಿಮೆ ಮಾಡುವ ವಿದ್ಯೆ. ಅವಳಿಗೆ ಬೇಕಾಗಿದ್ದದ್ದೇ ಆ ತ್ರಾಸು ಎಂಬುದು ಅವನಿಗೆ ಹೊಳೆದಿರಲಿಲ್ಲ. ಕೂಡಲೆ ಅರವತ್ತಾರು ಮೆಟ್ಟಿಲು ಹತ್ತಿದ. ಕತ್ತರಿಯಿಂದ ಸೆನ್ಸರಿನ ತಂತಿ ಕತ್ತರಿಸಿದ. ಗಾಜಿನ ಗೆರೆ ಆರಿತು. ಕೆಳಗೆ ಬಂದು, ಇನ್ನೂ ಡಬ್ಬಿ ಕಾಣದ, ತಂತಿ ಜೋಲುತ್ತಿದ್ದ ರಿಮೋಟಿನ ಬೋರ್ಡನ್ನು ಅವಳ ಅಂಗೈಯ ಮೇಲಿಟ್ಟ. ಅಕ್ಕಪಕ್ಕದ ಮನೆಗಳಲ್ಲಿ ಶಂಖ ಮೊಳಗತೊಡಗಿತ್ತು. ಅವಳು ಕಣ್ಣು ಮುಚ್ಚಿ, ನಿಂತ ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿ ಮುಗಿಸಿ ಬಟನ್ ಒತ್ತಿದಳು. ಗೆರೆ ಮತ್ತೆ ಮೂಡಿತು. ಈ ಸಲ ಅವಳು ಅದನ್ನು ನೋಡಿದ ಬಗೆಯೇ ಬೇರೆ.

ಮರುದಿನ ಅವಳು ಒಂದು ಹಳೆಯ ಕನ್ನಡಕದ ಡಬ್ಬಿ ತಂದು ಕೊಟ್ಟಳು. ಕಂದು ಬಣ್ಣದ್ದು, ಮೂಲೆಗಳು ಸವೆದಿದ್ದವು. “ಅವರದ್ದು” ಎಂದಳು. ಚಂದ್ರಹಾಸ ಅದರೊಳಗೆ ಬೋರ್ಡನ್ನೂ ಸಣ್ಣ ಬ್ಯಾಟರಿಯನ್ನೂ ಕೂರಿಸಿದ. ಒಳಗಿನ ಮಖಮಲ್ಲಿಗೆ ಗಾಯವಾಗದ ಹಾಗೆ, ನಿದ್ದೆಹೋದವರಿಗೆ ಹೊದಿಸುವಷ್ಟು ಮೆತ್ತಗೆ.

ಹೀಗೆ ಕಾರ್ತಿಕದ ಸಂಜೆಗಳು ಸಾಗಿದವು. ಶಂಖ. ಕೆಳಗೆ ಡಬ್ಬಿ ತೆರೆಯುವ ಟಕ್ಕೆಂಬ ಸದ್ದು. ಮೇಲೆ ದೀಪ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆ, ವರಾಂಡದಲ್ಲಿ ಎರಡು ಲೋಟ ಚಹಾ. ಅವಳು ಮೈಸೂರಿನ ಮಾತಾಡುವಳು. ಅವನು ನವಲಗುಂದದ ಕರಿಮಣ್ಣಿನ ಮಾತಾಡುವನು. ತನ್ನ ತಾಯಿ ಮಾಡುತ್ತಿದ್ದ ಮಾದಲಿಯ ಮಾತು ಬಂದ ದಿನ, ಗೋಧಿ, ಬೆಲ್ಲ, ಗಸಗಸೆ, ಪುಟಾಣಿ ಎಂದು ಬೆರಳು ಮಡಿಸುತ್ತ ಮಡಿಸುತ್ತ ಅವನ ದನಿ ಸಣ್ಣದಾಯಿತು. ಅವಳು ಅದನ್ನು ಗಮನಿಸಿದ್ದು ಅವನಿಗೆ ತಿಳಿಯಲಿಲ್ಲ.

ಅವಳಿಗೆ ತಿಳಿಯದ್ದೂ ಒಂದಿತ್ತು. ಹಳೆಯ ಮನೆಯ ಕಬ್ಬಿಣದ ತೊಲೆಗಳು, ನಡುವಿನ ಮಹಡಿಗಳು, ಇಷ್ಟನ್ನು ದಾಟಿ ಆ ಚಿಕ್ಕ ರಿಮೋಟಿನ ಸಿಗ್ನಲ್ ತಾರಸಿ ಮುಟ್ಟುವುದು ದಿನವೂ ಖಾತ್ರಿ ಇರಲಿಲ್ಲ. ಒಂದು ಗೇಣಿನ ಆಂಟೆನಾ ತಂತಿ ಹಾಕಿದ್ದ, ಅದರ ದಿಕ್ಕು ಹತ್ತು ಸಲ ಬದಲಿಸಿದ್ದ. ಆದರೂ ಮನಸ್ಸು ನಿಲ್ಲದೆ ರಿಮೋಟಿಲ್ಲದೆಯೂ ದೀಪ ಹತ್ತುವಂತೆ ಬಿದಿರಿನ ಬುಡದಲ್ಲಿ ಒಂದು ಸ್ವಿಚ್ಚು ಇಟ್ಟಿದ್ದ. ದಿನವೂ ಸಂಜೆ, ಅವಳು ಕೆಳಗೆ ಬಟನ್ ಒತ್ತುವ ಹೊತ್ತಿಗೆ, ಅವನು ಮೇಲೆ ಆ ಸ್ವಿಚ್ಚಿನ ಹತ್ತಿರ ಕೈ ಇಟ್ಟುಕೊಂಡು ನಿಂತಿರುತ್ತಿದ್ದ. ದಿನವೂ ದೀಪ ತಾನಾಗಿ ಅವಳ ಮಾತು ಕೇಳುತ್ತಿತ್ತು. ಅವನು ಕೈ ತೆಗೆದು, ಒಂದು ಸಲ ನಮಸ್ಕಾರ ಮಾಡಿ ಇಳಿಯುತ್ತಿದ್ದ.

ಹದಿನೇಳನೆಯ ಸಂಜೆ ಮಾತ್ರ ದೀಪ ಹತ್ತಲಿಲ್ಲ.

ಶಂಖಗಳು ಊದಿ ನಿಂತವು. ಗಲ್ಲಿಯ ಮೇಲೆ ಮಂಜಿನ ತೆಳುಪರದೆ ಇಳಿದಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಮಂಜಿಗೆ ಸಿಗ್ನಲ್ ಕೆಟ್ಟಿತು, ಅವಳು ಕೆಳಗೆ ಒತ್ತಿ ಒತ್ತಿ ಸೋತಿರಬೇಕು ಎಂದುಕೊಂಡ. ಸುತ್ತಲಿನ ತಾರಸಿಗಳಲ್ಲಿ ಎರಡು ಮೂರು ದೀಪ ಏರಿದ್ದವು. ಇವರ ಬಿದಿರು ಬರಿದಾಗಿ ನಿಂತಿತ್ತು. ಹದಿನೈದು ನಿಮಿಷಕ್ಕೆ ಅವನಿಂದ ತಾಳಲಾಗಲಿಲ್ಲ. ಸ್ವಿಚ್ಚು ಒತ್ತಿದ.

ಎಲ್ಲ ಹೇಳಿಬಿಡಬೇಕೆಂದೇ ಕೆಳಗಿಳಿದ. ಬಾಗಿಲು ತೆರೆದಿತ್ತು. ಮನೆಯ ತುಂಬ ಬೆಲ್ಲ, ಏಲಕ್ಕಿ, ಹುರಿದ ಗೋಧಿಯ ಘಮ. ತನುಶ್ರೀ ಒಲೆಯ ಮುಂದಿನ ಸ್ಟೂಲಿನಿಂದ ತಿರುಗಿ ಕಿಟಕಿಯಾಚೆ ನೋಡುತ್ತಿದ್ದಳು. ಕೈಯಲ್ಲಿ ಸೌಟು, ಹಣೆಯ ಮೇಲೆ ಹಿಟ್ಟು. ಗಾಜಿನಲ್ಲಿ ಹೊಳೆಯುತ್ತಿದ್ದ ಗೆರೆಯನ್ನು ಆಗ ತಾನೇ ಕಂಡವಳ ಹಾಗಿತ್ತು ಆ ಮುಖ. ಅದರಲ್ಲಿ ಅಂಜಿಕೆಯಿತ್ತು, ಬೆರಗೂ ಇತ್ತು. ಅವನ ಹೆಜ್ಜೆ ಕೇಳಿ ಬೆಚ್ಚಿದಳು. ಏನನ್ನೋ ಹೇಳಲು ಹೊರಟು ಹೇಳದೆ, ತಟ್ಟೆಗೆ ಮಾದಲಿ ಬಡಿಸಿ ಮೇಲೆ ತುಪ್ಪ ಹಾಕಿ ಮುಂದಿಟ್ಟಳು. ಮೊಬೈಲಿನಲ್ಲಿ ನೋಡಿ ಮಾಡಿದ್ದು, ತಪ್ಪಿದ್ದರೆ ನಗಬಾರದು ಎಂದಳು.

ಹನ್ನೆರಡು ವರ್ಷದಿಂದ ಆ ರುಚಿ ಅವನ ಬಾಯಿಗೆ ಬಿದ್ದಿರಲಿಲ್ಲ. ಮೊದಲ ತುತ್ತಿಗೇ ತಾಯಿಯ ಕೈ ನೆನಪಾಯಿತು. ಸ್ವಿಚ್ಚಿನ ಮಾತು ಹೊರಗೆ ಬರಲಿಲ್ಲ.

ಮರುದಿನ ತಾರಸಿಯ ಪೆಟ್ಟಿಗೆ ಬಿಚ್ಚಿ ನೋಡಿದ. ಯಾವ ದೋಷವೂ ಕಾಣಲಿಲ್ಲ.

ಕಾರಣ ತಿಳಿದದ್ದು ಇಪ್ಪತ್ತೈದನೆಯ ದಿನ. ಚಹಾದ ಲೋಟ ತಣ್ಣಗಾಗುತ್ತಿತ್ತು. ತನುಶ್ರೀ ಬಹಳ ಹೊತ್ತಿನಿಂದ ಮಾತಿಗೆ ಆರಂಭ ಹುಡುಕುತ್ತಿದ್ದಳು.

“ಮಾದಲಿ ಮಾಡಿದ ದಿನ ನಾನು ಬಟನ್ ಒತ್ತಲೇ ಇಲ್ಲ, ಗೊತ್ತಾ?”

ಅವನು ತಲೆಯೆತ್ತಿದ.

“ಮರೆತುಬಿಟ್ಟೆ. ಮೂರು ವರ್ಷದಲ್ಲಿ ಒಂದು ಸಂಜೇನೂ ಮರೆತವಳಲ್ಲ. ಅವತ್ತು ಪಾಕದ ಮೇಲೇ ಗಮನ. ಶಂಖ ಕೂಡ ಕೇಳಿಸಲಿಲ್ಲ. ನೆನಪಾಗಿ ತಿರುಗಿ ನೋಡ್ತೀನಿ, ದೀಪ ಆಗಲೇ ಹತ್ತಿದೆ.”

ಆಮೇಲಿನದನ್ನು ಅವಳು ಸೆರಗಿನ ಅಂಚು ಮಡಿಸುತ್ತ ಬಿಚ್ಚುತ್ತ ಹೇಳಿದಳು. ಈ ತಿಂಗಳಿಡೀ ದೀಪ ಹಚ್ಚುವಾಗ ಅವಳು ಅರವಿಂದನನ್ನು ಒಂದು ಮಾತು ಕೇಳುತ್ತಿದ್ದಳಂತೆ. ತನ್ನ ಮನಸ್ಸಿನಲ್ಲಿ ಹೊಸದಾಗಿ ಏನೋ ಚಿಗುರುತ್ತಿದೆ, ಅದು ತಪ್ಪಾಗಿದ್ದರೆ ಹೇಳಿ, ಎಂದು. ಮರೆತ ಸಂಜೆಯೇ ದೀಪ ತಾನಾಗಿ ಬೆಳಗಿತು. ಅವರೇ ಹಚ್ಚಿದರು, ಮರೆತದ್ದಕ್ಕೆ ಕೋಪವಿಲ್ಲ ಎಂದು ತೋರಿಸಿದರು, ಎಂದು ಅವಳು ನಂಬಿದ್ದಳು.

“ಈ ಮಾಸ ಮುಗೀಲಿ,” ಎಂದಳು ಕಣ್ಣೆತ್ತದೆ. “ಕೊನೇ ದಿನದ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿರ್ತಾರೆ. ನಾನೇ ತಾರಸಿಗೆ ಹತ್ತಿ ಬರ್ತೀನಿ. ನಿಮಗೊಂದು ಮಾತು ಹೇಳೋದಿದೆ.”

ಚಂದ್ರಹಾಸ ಆ ಸಂಜೆ ಮೆಟ್ಟಿಲು ಎಣಿಸಲಿಲ್ಲ. ಆ ಮಾತು ಯಾವುದೆಂದು ಅವನಿಗೆ ತಿಳಿದಿತ್ತು. ಎಂಟು ತಿಂಗಳು ಅವನು ಕನಸಿನಲ್ಲೂ ಕೇಳುವ ಧೈರ್ಯ ಮಾಡದ ಮಾತು ಅದು. ಐದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಅದು ಅವನದಾಗುತ್ತಿತ್ತು. ಬಾಯಿ ತೆರೆದರೆ, ಸತ್ತವನು ಒಪ್ಪಿದನೆಂಬ ಅವಳ ನಂಬಿಕೆ ಒಡೆಯುತ್ತಿತ್ತು. ಮತ್ತೆ ಅವಳು ಆ ಕಿಟಕಿಯ ಹಿಂದೆ ಸರಿದು ಬಾಗಿಲು ಹಾಕಿಕೊಂಡರೆ? ಯಾರಿಗೂ ನೋವಾಗದ ಸುಳ್ಳು, ನೀನು ಹೇಳಿದ್ದೂ ಅಲ್ಲ, ತಾನಾಗಿ ಹುಟ್ಟಿದ್ದು, ಎಂದು ಮನಸ್ಸು ದಿನವೂ ಹೊಸ ದಾರಿ ತೋರಿಸಿತು. ದೇವರೇ ನಿನ್ನ ಕೈಯಿಂದ ಮಾಡಿಸಿದ್ದಿರಬಹುದಲ್ಲ, ಎಂದೂ ಹೇಳಿತು.

ಅವನ ಕೋಣೆಯ ಗೂಡಿನಲ್ಲಿ ತಾಯಿ ಪೂಜಿಸುತ್ತಿದ್ದ ಬನಶಂಕರಿಯ ಪಟವಿತ್ತು. ನಾಲ್ಕನೆಯ ದಿನ ಅದರ ಮುಂದೆ ಕೂತಾಗ ತಾಯಿಯ ಒಂದು ಅಭ್ಯಾಸ ನೆನಪಾಯಿತು. ಗಾಳಿಗೆ ದೇವರ ದೀಪ ಆರಿದರೆ ಅವಳು ಸುಮ್ಮನೆ ಮತ್ತೆ ಹಚ್ಚಿದವಳಲ್ಲ. ಮೊದಲು ಕೈಮುಗಿದು, “ಆರಿತ್ತವ್ವಾ, ಮತ್ತ ಹಚ್ಚೇನಿ” ಎಂದು ದೇವಿಗೆ ಹೇಳುತ್ತಿದ್ದಳು. ಯಾರೂ ನೋಡಿಲ್ಲವಲ್ಲ ಎಂದು ಚಿಕ್ಕ ಚಂದ್ರಹಾಸ ಕೇಳಿದರೆ, ದೀಪದ ಮುಂದೆ ಮುಚ್ಚಿಡುವುದು ಏನಿದೆ ಎನ್ನುತ್ತಿದ್ದಳು. ಅವನು ಪಟದ ಮುಂದೆ ಬಹಳ ಹೊತ್ತು ತಲೆಬಾಗಿಸಿ ಕೂತ. ಎದ್ದಾಗ ಮನಸ್ಸು ಹಗುರವಾಗಿರಲಿಲ್ಲ, ಆದರೆ ನಿಂತಿತ್ತು.

ಕಾರ್ತಿಕದ ಕೊನೆಯ ಸಂಜೆ ತನುಶ್ರೀ ಮೆಟ್ಟಿಲು ಹತ್ತಿದಳು.

ಅವನು ಕೈ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿ ಗೋಡೆ ಹಿಡಿದಳು. ಒಂದು ಮೆಟ್ಟಿಲು, ಒಂದು ಉಸಿರು. ಮಹಡಿಗೊಮ್ಮೆ ಕೂತು ಸುಧಾರಿಸಿಕೊಂಡಳು. ಮೊದಲ ಮಹಡಿಯ ಬೌದಿ ಬಾಗಿಲು ತೆರೆದು ನೋಡಿ, ಏನೂ ಕೇಳದೆ, ಕುಡಿಯಲು ನೀರು ಕೊಟ್ಟು ಒಳಹೋದಳು. ಅರವತ್ತಾರನೆಯ ಮೆಟ್ಟಿಲು ದಾಟಿದಾಗ ಪಶ್ಚಿಮಕ್ಕೆ ಬಾಲಿಗಂಜಿನ ಮನೆಗಳ ಮೇಲೆ ಕೆಂಪು ಇನ್ನೂ ಉಳಿದಿತ್ತು. ತಿಂಗಳಿಡೀ ಗಾಜಿನಲ್ಲಿ ಮಾತ್ರ ಕಂಡ ದೀಪದ ಪಟ್ಟಿಯನ್ನು ಅವಳು ಬಿದಿರಿನ ತುದಿಯಲ್ಲಿ ಮೊದಲ ಸಲ ನೇರವಾಗಿ ನೋಡಿದಳು. ಬಿದಿರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವನತ್ತ ತಿರುಗಿದಳು. ಮುಖದಲ್ಲಿ ಬೆಳಕಿತ್ತು.

“ಚಂದ್ರಹಾಸ್ ಅವರೇ...”

“ನಿಮ್ಮ ಮಾತಿಗಿಂತ ಮೊದಲ ನಂದೊಂದು ಅದರಿ,” ಎಂದ ಅವನು. ದನಿ ಒಣಗಿತ್ತು. “ಆ ದಿನ ದೀಪ ತಾನ ಹತ್ತಲಿಲ್ರಿ. ನಾ ಹಚ್ಚಿದ್ದೆ. ಇಲ್ಲೇ, ಈ ಸ್ವಿಚ್ಚು.”

ಅವಳು ಬಿದಿರಿನ ಬುಡದತ್ತ ನೋಡಿದಳು. ಬಹಳ ಹೊತ್ತು ನೋಡಿದಳು. ಬತ್ತಿ ಇಳಿಸಿದ ಲಾಟೀನಿನ ಹಾಗೆ ಮುಖದ ಬೆಳಕು ನಿಧಾನವಾಗಿ ಇಳಿಯಿತು. ಇದನ್ನು ಕಾಣಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ನೋಡಲಾಗಲಿಲ್ಲ.

“ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?”

“ಇಲ್ರಿ.”

“ನಾನು ಏನು ಹೇಳೋಕೆ ಹತ್ತಿ ಬಂದೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ರಿ.”

ಅವಳು ತಾರಸಿಯ ಗೋಡೆಗೆ ಒರಗಿದಳು. ಕೆಳಗೆ ಗಲ್ಲಿಯಲ್ಲಿ ಸೈಕಲ್ ರಿಕ್ಷಾದ ಹಾರ್ನ್ ಒಮ್ಮೆ ಕೂಗಿ ದೂರವಾಯಿತು.

“ದಿನಾ ಇಲ್ಲೇ ನಿಂತಿರ್ತಿದ್ರಾ?”

“ಹೌದ್ರಿ. ಸಿಗ್ನಲ್ ನಂಬೂ ಹಂಗಿರಲಿಲ್ಲ. ನೀವು ಒತ್ತಿ, ದೀಪ ಹತ್ತಲಿಲ್ಲಂದ್ರ...”

“ಅವತ್ತು ಎಷ್ಟು ಹೊತ್ತು ಕಾದ್ರಿ?”

“ಹದಿನೈದು ನಿಮಿಷ.”

“ಕೆಳಗೆ ಬಂದು ನನ್ನ ಕೇಳಬಹುದಿತ್ತಲ್ಲ.”

ಚಂದ್ರಹಾಸ ತಲೆತಗ್ಗಿಸಿದ. ಆ ಹೊತ್ತು ತನ್ನ ಮನಸ್ಸಿನಲ್ಲಿ ಏನಿತ್ತೆಂದು ಅವನು ಈವರೆಗೆ ತನಗೂ ಹೇಳಿಕೊಂಡಿರಲಿಲ್ಲ.

“ಅರವತ್ತಾರು ಮೆಟ್ಲ ಇಳದು, ಕೇಳಿ, ಮತ್ತ ಹತ್ತಿ ಬರೂತನಕ...” ಎಂದ. “ಅಷ್ಟೊತ್ತು ಅವರು ಕತ್ತಲದಾಗ ದಾರಿ ಹುಡುಕಬೇಕಲ್ರಿ.”

ತನುಶ್ರೀಯ ಕಣ್ಣಲ್ಲಿ ನೀರು ತುಂಬಿ ಬಂತು. ಅವಳು ಒರೆಸಿಕೊಳ್ಳಲಿಲ್ಲ. ಮೂರು ವರ್ಷದಿಂದ ಈ ಊರಿನಲ್ಲಿ ಎಷ್ಟೋ ಜನ ಅವಳ ಬಗ್ಗೆ ಮರುಕಪಟ್ಟಿದ್ದರು. ಕತ್ತಲಲ್ಲಿ ಅರವಿಂದನಿಗೆ ಹೊತ್ತಾಗುತ್ತದೆಂದು ಚಿಂತಿಸಿದವರು ಯಾರೂ ಇರಲಿಲ್ಲ.

“ಆ ಹದಿನೈದು ನಿಮಿಷ ನಾನು ಅವರನ್ನ ಮರೆತಿದ್ದೆ,” ಎಂದಳು ಕೊನೆಗೆ. “ನೀವು ಮರೀಲಿಲ್ಲ.”

ಆಗ ಶಂಖ ಮೊಳಗಿತು. ಮೊದಲು ದೂರದ ಒಂದು ಮನೆಯಲ್ಲಿ, ಆಮೇಲೆ ಹತ್ತಿರದಲ್ಲಿ, ಆಮೇಲೆ ಎಲ್ಲ ಕಡೆ. ತನುಶ್ರೀ ಸೊಂಟದಿಂದ ಕನ್ನಡಕದ ಡಬ್ಬಿ ತೆಗೆದು ಟಕ್ಕೆಂದು ತೆರೆದಳು. ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದಳು. ಈ ಸಲ ಅದು ಉದ್ದವಾಗಿತ್ತು. ಮುಗಿದ ಮೇಲೆ ಬಟನ್ ಒತ್ತದೆ, ತೆರೆದ ಡಬ್ಬಿಯನ್ನು ಅವನತ್ತ ಹಿಡಿದಳು.

“ಹಚ್ಚಿ.”

“ನಾನೇನ್ರಿ?” ಅವನು ಒಂದು ಹೆಜ್ಜೆ ಹಿಂದೆ ಸರಿದ. “ಮನೀ ಕೈಯ ಹಚ್ಚಬೇಕು ಅಂದಿದ್ರಲ್ರಿ ನಿಮ್ಮ ಅತ್ತಿ.”

“ಅದಕ್ಕೇ ಹೇಳ್ತಾ ಇದೀನಿ.”

ಅವನು ಅವಳ ಮುಖ ನೋಡಿದ. ಹೊತ್ತಾಗುತ್ತಿದೆ ಎಂಬಂತೆ ಅವಳು ಡಬ್ಬಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಡ್ಡಿದಳು. ತುಟಿಯ ಮೇಲೆ ನಗು ಇತ್ತು. ನಾಲ್ಕನೆಯ ಮೆಟ್ಟಿಲ ಮೇಲೆ ಅಂದು ಬಾರದೆ ಉಳಿದಿದ್ದ ನಗು.

ಚಂದ್ರಹಾಸ ಚಪ್ಪಲಿ ಬಿಟ್ಟ. ಎಂದೂ ಬಾಯಿಬಿಟ್ಟು ಉಚ್ಚರಿಸದ ಅರವಿಂದನ ಹೆಸರನ್ನು, ಹಿರಿಯರನ್ನು ಕರೆಯುವಂತೆ, ಒಮ್ಮೆ ಮೆಲ್ಲಗೆ ಹೇಳಿ ಬಟನ್ ಒತ್ತಿದ. ಬಿದಿರಿನ ತುದಿಯಲ್ಲಿ ಹೊಂಬಣ್ಣದ ಬತ್ತಿ ಎದ್ದು ನಿಂತಿತು. ಗಲ್ಲಿಯಾಚೆಯ ಖಾಲಿ ಮನೆಯ ಗಾಜಿನಲ್ಲೂ ಒಂದು ದೀಪ, ಅದರ ಕೆಳಗೆ ಮಸುಕಾಗಿ ಇಬ್ಬರು ಮನುಷ್ಯರು.

ಕೆಂಪು ಆರಿ, ನಕ್ಷತ್ರ ಮೂಡುವವರೆಗೂ ಅವರು ಅಲ್ಲೇ ನಿಂತಿದ್ದರು. ಆಮೇಲೆ ತನುಶ್ರೀ ಮೆಟ್ಟಿಲ ಕಡೆ ತಿರುಗಿದಳು. ಅವನು ಮತ್ತೆ ಕೈ ಚಾಚಿದ.

ಇಳಿಯುವಾಗ ಅವಳು ಗೋಡೆ ಹಿಡಿಯಲಿಲ್ಲ.